ಹಳತು ಮಾಡುವ ಕೆಲಸ

ಮನಾಮದ ಮಾಲಿನ ಎರಡನೇ ಮಹಡಿಯಲ್ಲಿ
ಹನ್ನೊಂದು ರಾತ್ರಿಗಳಲ್ಲಿ
ಇನ್ನೂರ ಅರವತ್ತು ವರ್ಷ ಮಾಡಿದೆವು,
ನಾನು, ಕಿನ್ನಿಗೋಳಿಯ ಲಿಗೋರಿ, ಉಳ್ಳಾಲದ ಮೋನಬ್ಬ.

ಇಟಲಿಯಿಂದ ಫೋಟೋ ಬಂದಿದ್ದವು, ನಲವತ್ತು.
ಅಲ್ಲಿನ ಕಾಫಿಯಂಗಡಿ ಹೇಗಿದೆಯೋ ಹಾಗೇ ಇಲ್ಲಿ:
ಕೆಂಪು ಮಖಮಲ್ಲಿನ ಬೆಂಚು, ಮೊಣಕೈ ತಾಗುವಲ್ಲಿ ಬೋಳು;
ಕಲ್ಲಿನ ಮೇಜು, ಅಂಚು ಚೀಪಿದ ಬೆಲ್ಲದ ಹಾಗೆ;
ಮಾಡಿನಲ್ಲಿ ದ್ರಾಕ್ಷಿ ಹೊತ್ತ ಬೆತ್ತಲೆ ಮಕ್ಕಳು,
ಒಬ್ಬನಿಗೆ ಹೆಬ್ಬೆರಳಿಲ್ಲ.
ಅದನ್ನು ಬರೆದು, ಆಮೇಲೆ ಒರೆಸಬೇಕು.

ಕಾಗದಗಳಲ್ಲಿ ಕತೆಯೂ ಇತ್ತು: ಮೊದಲ ಮಾಲೀಕ
ಸಾಲಕ್ಕೆ ಸಿಕ್ಕಿ ಕನ್ನಡಿಗಳನ್ನೆಲ್ಲ ಮಾರಿದ,
ಮಗಳು ಒಂದೊಂದಾಗಿ ವಾಪಸು ತಂದಳು.
ಏಳನೆಯದು ಸಿಗಲಿಲ್ಲ. ಬೇರೆ ಗಾಜು, ತುಸು ಹಸಿರು.
ನಮಗೂ ಏಳನೆಯದು ಹಸಿರೇ ಬೇಕು.
ಶಾರ್ಜಾಕ್ಕೆ ಫೋನು ಮಾಡಿ ಮಾಡಿ ತರಿಸಿದ ಮೋನಬ್ಬ,
"ಆ ಹೆಣ್ಣುಮಗಳ ಪಾಡು ನನಗೂ ಬಂತಲ್ಲ ಮಾರಾಯ."

ಲಿಗೋರಿಗೆ ಚಿನ್ನದ ರೇಕು ಗೊತ್ತು.
ಅಪ್ಪ ಇಗರ್ಜಿಯ ಪೀಠಕ್ಕೆ ಹಚ್ಚುತ್ತಿದ್ದ, ಉಸಿರು ಕಟ್ಟಿ.
ಇವನೂ ಉಸಿರು ಕಟ್ಟಿ ಹಚ್ಚುವನು,
ಆಮೇಲೆ ಹತ್ತಿಯಲ್ಲಿ ಉಜ್ಜಿ ಅರ್ಧ ತೆಗೆಯುವನು.
"ದೇವರ ಕೆಲಸದಲ್ಲಿ ಹೀಗೆ ಮಾಡಿದ್ದರೆ
ಅಪ್ಪ ಕೈ ಮುರಿಯುತ್ತಿದ್ದ."

ಗೋಡೆಗೆ ಕಂದು ಸಾಲದಾದಾಗ
ಸುಲೈಮಾನಿ ಕಾಸಿ ಬಳಿದೆ.
ನೂರು ವರ್ಷದ ಚುಟ್ಟಾ ಹೊಗೆ ಅದು.
ಏಲಕ್ಕಿ ವಾಸನೆ ಎರಡು ದಿನ ಹೋಗಲಿಲ್ಲ.

ಕಿಟಕಿಯಾಚೆ ಕ್ರೇನು, ಹೊಸ ಮಣ್ಣು.
ಹೋದ ವರ್ಷ ಅಲ್ಲಿ ಸಮುದ್ರ.
ಅದರ ಫೋಟೋ ಯಾರೂ ಕಳಿಸಿರಲಿಲ್ಲ.

ಅಂಗಡಿ ತೆರೆಯಿತು. ಕಪ್ಪಿಗೆ ಮೂರು ದಿನಾರು.
ನಾವು ರಿಫಾಕ್ಕೆ ಹೋದೆವು, ಬೇರೆ ಕೆಲಸ.

ಫೆಬ್ರವರಿಯಲ್ಲಿ ಮ್ಯಾನೇಜರನ ಕರೆ:
ಮೂರನೇ ಮೇಜಿನಲ್ಲಿ ಒಂದು ಗೀರು,
ಫೋಟೋದಲ್ಲಿಲ್ಲ. ಬಂದು ಅಳಿಸಿ.

ಹೋದೆ. ಬಗ್ಗಿ ನೋಡಿದೆ.
ಉಂಗುರದ್ದೋ ಕೀಲಿಕೈಯದೋ,
ಯಾರೋ ಸಿಟ್ಟಿನಲ್ಲೋ, ಕಾಯುತ್ತಲೋ ಎಳೆದದ್ದು.
ನಾಲ್ಕು ಬೆರಳುದ್ದ, ಕೊನೆಗೆ ಸ್ವಲ್ಪ ಹೆದರಿದೆ.
ಇಡೀ ಅಂಗಡಿಯಲ್ಲಿ ನಾವು ಮಾಡದ್ದು ಇದೊಂದೇ.

ಚೀಲದಿಂದ ಉಪ್ಪುಕಾಗದ ತೆಗೆದೆ. ಒಳಗಿಟ್ಟೆ.
ಫ್ಲಾಸ್ಕಿನ ತಳದ ಚಹಾದಲ್ಲಿ ಬೆರಳದ್ದಿ
ಗೀರಿನುದ್ದಕ್ಕೂ ಎಳೆದೆ, ಬಟ್ಟೆಯಿಂದ ಒತ್ತಿದೆ.

"ಇದು ಫೋಟೋದಲ್ಲಿದೆ ಸಾರ್," ಅಂದೆ,
"ಬೆಳಕು ಸಾಲದೆ ಕಾಣುವುದಿಲ್ಲ."

ಅವನು ಫೋನಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದ.
"ಹೌದು," ಅಂದ, "ಇದೆ."