ಇಪ್ಪತ್ತೈದೂವರೆ ಇಂಚು

ಜೈತುನಬಿ ಟೇಪು ತಂದಾಳ, ಕೊರಳಾಗ ಹಾಕ್ಕೊಂಡು.
ನನ್ನ ಕುರ್ಚಿಯ ಈ ಗಾಲಿಯಿಂದ ಆ ಗಾಲಿಗೆ
ಇಪ್ಪತ್ತೈದೂವರೆ.
"ಜಂಪರ ಆಗಿದ್ರ ಎರಡಿಂಚು ಸಡ್ಲ ಬಿಡ್ತಿದ್ದೆ,
ಹಡಗಿನ ಬಾಗಲಾ ಎಷ್ಟು ಸಡ್ಲ ಹೊಲದಾರ, ಕೇಳು."

ಕೇಳಿದೆ.
ಬೆಳಗಾವಿಯ ಏಜೆಂಟ್ ಪೋತದಾರ, ಪಾಪ, ಸಣ್ಣ ಹುಡುಗ.
ಹಡಗಿನ ಹೆಸರು ಹೇಳೂಕಿಂತ ಮೊದಲ
ಹದಿನೆಂಟು ಅಂತಸ್ತು ಅಂದ, ಐಸಿನ ಮೈದಾನ ಅಂದ,
ನಡುರಾತ್ರಿಗೂ ಬಿಸಿ ಊಟ ಅಂದ.
ಬಚ್ಚಲದ ಹೊಸ್ತಿಲಾ ಎಷ್ಟೆತ್ತರ ತಮ್ಮಾ, ಅಂದೆ.
ಫೋನಿನಾಗ ಬರೇ ಗಾಳಿ ಸಪ್ಪಳ.

ರೊಕ್ಕ ಎಲ್ಲಿಂದು ಅಂತಾನ ನನ್ನ ತಮ್ಮನ ಮಗ.
ಕೋರ್ಟಿಂದಪಾ.
ಕಿಲ್ಲಾದಾಗಿನ ಮುಳುಗಿದ ಮನಿಗೆ ಇಪ್ಪತ್ಮೂರು ವರ್ಷಕ್ಕ
ಹೆಚ್ಚಿನ ಪರಿಹಾರ ಬಂತು, ಬಡ್ಡಿ ಸಮೇತ.
ಅಂವ ನವನಗರದ ಆಚಿ ಒಂದು ಸೈಟು ತೋರಿಸ್ತಾನ.
ಸೈಟಿನ ಆಫೀಸಿಗೆ ಮೂರು ಮೆಟ್ಲ.
ನನಗ ನಕ್ಷಾ ಕೆಳಗ ತಂದು, ಬಿಸಲಾಗ ಹಿಡದು ತೋರಿಸಿದ್ರು.

ಮನಿಯ ನೋಟೀಸು ಟೈಪ್ ಮಾಡಿದಾಕಿ ನಾನಽ.
ಭೂಸ್ವಾಧೀನ ಕಚೇರಿಯ ಕೆಳಗಿನ ಖೋಲಿ,
ಬಡ್ತಿ ಆದವರು ಮೆಟ್ಲ ಹತ್ತಿ ಮ್ಯಾಲೆ ಹೋಗ್ತಿದ್ರು,
ನಾ ಕಾರ್ಬನ್ ಇಟ್ಟು ಮೂರು ಪ್ರತಿ ಹೊಡೀತಿದ್ದೆ:
ಮನಿ ನಂಬರ, ಗ್ವಾಡಿ, ತೊಲಿ, ಕಿಟಕಿ ಎಷ್ಟು, ಬಾಗಲಾ ಎಷ್ಟು.
ಒಂದಿನ ನಮ್ಮಪ್ಪನ ಹೆಸರು ಬಂತು. ಅದನ್ನೂ ಹೊಡದೆ.
ಬಾಗಲಾ: ಐದು.
ಅಗಲ ಯಾರೂ ಬರಸಿರಲಿಲ್ಲ.
ನೀರಿಗೆ ಅಗಲ ಬೇಕಾಗೂದಿಲ್ಲ.

ಎರಡನೇ ಹಡಗು. ಬಾಗಲಾ ಮೂವತ್ತೆರಡು, ಬಚ್ಚಲಾ ಸಪಾಟು,
ಗ್ವಾಡಿಗೆ ಹಿಡಿಕಿ, ಮಡಚಿಡೂ ಮಣಿ.
ಖರೆ, ನಾಕು ಊರಾಗ ಎರಡಕ್ಕ ಹಡಗು ದಂಡಿಗೆ ಹತ್ತೂದಿಲ್ಲಂತ,
ಸಣ್ಣ ದೋಣಿಗೆ ಇಳಸ್ತಾರಂತ,
ಕುರ್ಚಿಯವರನ್ನ ಇಳಸೂದಿಲ್ಲಂತ.
"ಮ್ಯಾಲಿಂದನಽ ಊರು ಚೆಂದ ಕಾಣ್ತೈತ್ರಿ ಮೇಡಂ."
ಒಳಗ ಕುಂತು ಹೊರಗಿಂದು ನೋಡೂದು
ಐವತ್ತು ವರ್ಷ ಪುಕ್ಕಟ ಮಾಡೀನಿ,
ಈಗ ಅದಕ್ಕ ತಿಕೀಟು ಯಾಕ ತಗೀಲಿ?

ಮೂರನೇದು ಎಲ್ಲಾ ಊರಿಗೂ ದಂಡಿ ಮುಟ್ಟತೈತಿ.
ಲಿಫ್ಟ್ ಅಗಲ, ಊಟದ ಮೇಜು ಎತ್ತರ, ಎಲ್ಲಾ ಸರಿ.
ಚಿತ್ರದಾಗ ಒಬ್ಬಾಕಿ ನಿಂತಾಳ, ಕೈಯಾಗ ಗ್ಲಾಸು,
ಅಕಿ ಎದಿಮಟ ಕಬ್ಬಿಣದ ಕಟಾಂಜನ.
ಜೈತುನಬೀ, ನನ್ನ ಕಣ್ಣು ನೆಲದಿಂದ ಎಷ್ಟು?
ಅಕಿ ಮೊಣಕಾಲೂರಿ ಟೇಪು ಎತ್ತಿದಳು. ನಲವತ್ನಾಕು.
ಕಟಾಂಜನದ ಮ್ಯಾಲಿನ ಪಟ್ಟಿ?
ಪೋತದಾರಗ ಗೊತ್ತಿಲ್ಲ. ಇಲ್ಲೀತನಕ ಯಾರೂ ಕೇಳಿಲ್ಲಂತ.
ತಮ್ಮಾ, ಅಷ್ಟು ರೊಕ್ಕ ಕೊಟ್ಟು, ಅಷ್ಟು ದೂರ ಹೋಗಿ,
ಕುಂತವರಿಗೆ ಸಮುದ್ರದ ಬದಲಿ ಪಟ್ಟಿ ಕಂಡ್ರ?
ಈ ಸಲ ಗಾಳಿ ಸಪ್ಪಳ ಇರಲಿಲ್ಲ.
ಅಂವ ಬರಕೊಳ್ಳಾಕತ್ತಿದ್ದ.

ಸಂಜಿಮುಂದ ಕುರ್ಚಿ ಮಡಚಿ ಆಟೋದ ಬೆನ್ನಿಗೆ ಕಟ್ಟಿ
ಹಳೇ ಊರಿಗೆ ಹೋದ್ವಿ.
ನಮ್ಮ ಓಣಿ ಈಗೂ ಇಳೀತೈತಿ,
ಎರಡು ಕಡೆ ಒಡದ ಗ್ವಾಡಿ, ಜಾಲಿಕಂಟಿ, ಆಮ್ಯಾಲೆ ಹಿನ್ನೀರು.
ಇಡೀ ಊರಾಗ ಮೆಟ್ಲ ಇಲ್ಲದ ಇಳಿಜಾರು ಇದೊಂದಽ.
ಮುಂದಿನ ಸಣ್ಣ ಗಾಲಿ ನೀರಾಗ ನಿಂತ್ವು.
ಬಾಗಲಾ ಐದೂ ಕಿತ್ತು ಮಾರಿದ್ವಿ ಅವತ್ತು,
ಬಾಗಲದ ಜಾಗ ಅಲ್ಲೇ ಕೆಳಗ ಇರಬೇಕು.

"ನಿನಗ ಈಜು ಬರ್ತೈತೇನ?" ಅಂದ್ಳು ಜೈತುನಬಿ.
ಇಲ್ಲ. ನಿನಗ?
"ನನಗೆಲ್ಲೀದು."
ನಗೂದ್ರಾಗ ಫೋನು.

"ಗಾಜಿಂದು ಸಿಕ್ಕೈತ್ರಿ ಮೇಡಂ. ಪಟ್ಟಿ ಅಲ್ಲ, ನೆಲತನಕ ಗಾಜು.
ಆರನೇ ಅಂತಸ್ತು, ಹಿಂಬದಿ, ಒಂದಽ ಖೋಲಿ ಉಳದೈತಿ."
ಹಿಂಬದಿ ಅಂದ್ರ?
"ಮುಂದ ಬರೂ ಊರು ಕಾಣೂದಿಲ್ರಿ.
ಬಿಟ್ಟು ಬಂದದ್ದು ಕಾಣ್ತೈತಿ."

ಹಿಡದಿಡು, ಅಂದೆ.
ಮತ್ತ ಆ ಗಾಜಿನ ಬಾಗಲಕ್ಕ ಹೊಸ್ತಿಲಾ ಐತೇನು,
ಅದನ್ನೂ ಕೇಳು.