ಕುಲಾವಿ

ಬೇಕರಿ ಮಾರಿದ ಮರುವಾರವೇ
ಗುಲ್ವೆನ್ ಪರದೆಗೆ ಅಳತೆ ತೆಗೆದ,
ಇನ್ನೂ ಕೊಳ್ಳದ ದೋಣಿಯ ಕಿಟಕಿಗಳಿಗೆ.
ನಲವತ್ತೆರಡು ಅಡಿ, ಎರಡು ಕೋಣೆ, ಒಲೆ, ಫ್ರಿಜ್ಜು.
ಇನ್ನೆಂದೂ ದಡದ ಮನೆ ಬೇಡವೆಂದು
ಕ್ಯಾಟಲಾಗಿನ ಅಂಚಿಗೆ ಪೆನ್ಸಿಲ್ಲಿನಲ್ಲಿ ಬರೆದಿದ್ದ.
ಕೂಸು ಹುಟ್ಟುವ ಮುಂಚೆ ಕುಲಾವಿ, ಎಂದೆ.
ನಕ್ಕ. ಹೊಲಿಗೆ ನನ್ನ ಪಾಲಿಗೇ ಬಂತು.

ಬಂದರಿನ ಶಾಲೆಯ ಎನೋರಾಗೆ ಹತ್ತೊಂಬತ್ತು.
ಕ್ಯಾಟಲಾಗು ತೆರೆದೂ ನೋಡಲಿಲ್ಲ.
ಸ್ನಾನದ ತೊಟ್ಟಿಗಿಂತ ತುಸುವೇ ದೊಡ್ಡ ದೋಣಿಯಲ್ಲಿ
ನಮ್ಮಿಬ್ಬರನ್ನೂ ಕೂರಿಸಿ,
ಒಂದು ಹಾಯಿ, ಒಂದು ಹಗ್ಗ, ಒಂದು ಚುಕ್ಕಾಣಿ ಕೊಟ್ಟು
ಕಾಲಿನಿಂದ ದೂಡಿಬಿಟ್ಟಳು ದುವಾರ್ನೆನೇ ಕೊಲ್ಲಿಗೆ.
ಪಕ್ಕದಲ್ಲೇ ಏಳೆಂಟು ವರ್ಷದ ಮಕ್ಕಳು
ಬಾತುಮರಿಗಳಂತೆ ಸರಸರ ದಾಟಿಹೋದವು.

ಮೊದಲ ದಿನ ಮೂರು ಸಲ ಮಗುಚಿದೆವು.
ಏಪ್ರಿಲ್ಲಿನ ನೀರು. ಹಲ್ಲು ಕಟಕಟ.
ಮೂವತ್ತೊಂದು ವರ್ಷ ಒಂದೇ ಒಲೆಯ ಮುಂದೆ
ಮೊಣಕೈಗೆ ಮೊಣಕೈ ತಾಕಿಸಿ ದುಡಿದವರು
ಅವತ್ತು ಒಬ್ಬರ ಮೇಲೊಬ್ಬರು ಕಿರುಚಿದ್ದಕ್ಕೆ
ಬಂದರಿನ ಕಡಲಹಕ್ಕಿಗಳೂ ಒಂದು ಗಳಿಗೆ ಬಾಯಿ ಮುಚ್ಚಿದವು.
"ಹಗ್ಗ ಬಿಡು!"
"ಯಾವ ಹಗ್ಗ?"
ಇದ್ದದ್ದೇ ಒಂದು.

ಜೂನಿನಲ್ಲೊಂದು ಬೆಳಗ್ಗೆ, ಯಾರೂ ಹೇಳದೆ,
ಗುಲ್ವೆನ್ ಆ ಹಗ್ಗವನ್ನು ಬೆರಳ ತುದಿಯಲ್ಲಿ ಹಿಡಿದ,
ಹುದುಗು ಬಂದ ಹಿಟ್ಟನ್ನು ಒತ್ತಿ ನೋಡುವ ಹಾಗೆ,
ಅದು ಕೇಳಿದಷ್ಟೇ ಬಿಟ್ಟು, ತಡೆದು.
ನನಗೆ ಗಾಳಿ ಎಡಗಿವಿಯ ಹಿಂದೆ ಸಿಕ್ಕಿತು,
ಒಲೆಯ ಬಾಗಿಲು ತೆರೆಯುವ ಮೊದಲೇ
ಬ್ರೆಡ್ಡು ಬೆಂದದ್ದು ತಿಳಿಯುತ್ತಿತ್ತಲ್ಲ, ಹಾಗೆ.
ದೋಣಿ ಓಡಿತು. ತಳದಲ್ಲಿ ನೀರು ಮಾತ್ರ
ಏನೋ ಗೊಣಗುತ್ತಿತ್ತು.

ಆಗಸ್ಟಿನಲ್ಲಿ ಯಾರದೋ ದೊಡ್ಡ ದೋಣಿಯಲ್ಲಿ ಎರಡು ರಾತ್ರಿ.
ನಾನು ಬಕೆಟ್ಟು ತಬ್ಬಿ ಮಲಗಿದ್ದೆ.
ಮೂರನೆಯ ಬೆಳಗ್ಗೆ ಒಂದು ಬಿಸ್ಕತ್ತು ತಿಂದೆ, ಉಳಿಯಿತು.
ಗುಲ್ವೆನ್ ಅಷ್ಟೆತ್ತರದ ಹಾಯಿ ಇಳಿಸಲಾರದೆ
ಅಂಗೈ ಸುಲಿಸಿಕೊಂಡು ಸುಮ್ಮನೆ ಕೂತಿದ್ದ.

ಈಗ ದೋಣಿ ಮಾರುವವರು ಕೇಳುತ್ತಾರೆ: ಎಷ್ಟು ಅಡಿ?
ಅವನು ಒಲೆ ನೋಡುವುದಿಲ್ಲ, ಕೋಣೆ ಎಣಿಸುವುದಿಲ್ಲ.
"ನಾನು ನೀರಿಗೆ ಬಿದ್ದರೆ
ಅಜೆನೋರ್ ಒಬ್ಬಳೇ ಇದನ್ನು
ಹಿಂದಕ್ಕೆ ತಿರುಗಿಸಬಲ್ಲಳೇ?"
ಮಾರುವವನು ಕ್ಯಾಟಲಾಗು ಮಡಚುತ್ತಾನೆ.

ಹೊಲಿದಿಟ್ಟ ಪರದೆ ಆರಿದ್ದವು, ನೀಲಿ ಗೀರಿನವು.
ಎರಡನ್ನು ಎನೋರಾ ಒಯ್ದಳು,
ಮಕ್ಕಳ ದೋಣಿಗಳ ತಳ ಒರೆಸಲು.