ಬೆಲೆಯ ಕಾಲಂನಲ್ಲಿ ಒಂದು ಕರು

ಪೋಲೆಂಡಿನ ಪೂರ್ವದಂಚು, ಸೊಕೂಲ್ಕಾ. ವಾಹನ ಕಚೇರಿಯ
ಮೂರನೆಯ ಕಿಟಕಿ ನನ್ನದು, ಹತ್ತೊಂಬತ್ತು ವರ್ಷದಿಂದ.
ಗಾಜಿನಲ್ಲೊಂದು ದುಂಡು ತೂತು, ಮಾತು ತೂರಲು.
ಕೂತ ನನ್ನ ಬಾಯಿಯ ಎತ್ತರಕ್ಕೆ ಕೊರೆದದ್ದು;
ಬಂದವರು ಬಾಗಬೇಕು.

ಝೆನೋನ್ ಬುಯ್ಕೊ ಬಾಗಿದ. ಟೊಪ್ಪಿ ತೆಗೆದ.
ಮಡಿಸಿದ ಬೆಣ್ಣೆಕಾಗದವೊಂದನ್ನು ಒಳಗೆ ಸರಿಸಿದ.
ಗಾಡಿಯ ಚೌಕಟ್ಟಿಗೆ ಒತ್ತಿ ಪೆನ್ಸಿಲ್ ಉಜ್ಜಿ ತಂದದ್ದು:
ಕಪ್ಪು ಮಸಿಯ ನಡುವೆ ಏಳು ಅಂಕಿ, ಬೆಳ್ಳಗೆ.
ಮೂರನೆಯದು ಎಂಟೋ, ಆರೋ?
'ತುಕ್ಕಿಗೇ ಗೊತ್ತು' ಎಂದ.

ವುಎಸ್ಕಾ, ನೂರಿಪ್ಪತ್ತೈದು ಸಿ.ಸಿ.
ಎಂಬತ್ತಮೂರರ ಚಳಿಗಾಲದಿಂದ ಹುಲ್ಲಿನ ಕೊಟ್ಟಿಗೆಯಲ್ಲಿ.
ಸೀಟಿನೊಳಗೆ ಇಲಿಗಳು ಸಂಸಾರ ಹೂಡಿ, ಹೆತ್ತು, ಹೊರಟು ಹೋಗಿವೆ.
ಮೊಮ್ಮಗಳು ಯಾಗ್ನಾ ಕೇಳುತ್ತಿದ್ದಾಳೆ;
ಅವಳ ಹೆಸರಿಗೆ ಮಾಡಿಕೊಡಿ.

ಮೊದಲು ನಿಮ್ಮ ಹೆಸರಿಗೆ ಆಗಲಿ, ಎಂದೆ.
'ನಲವತ್ತೆರಡು ವರ್ಷದಿಂದ ನನ್ನದೇ.'
ಇರಬಹುದು. ಪುಸ್ತಕದಲ್ಲಿ ಎಡ್ಮುಂಡ್ ಸಾಫ್ಕೊನದು.

ಎಡ್ಮುಂಡ್ ಮಣ್ಣಾಗಿ ಹದಿನಾರು ವರ್ಷ.
ನನ್ನ ಪುಸ್ತಕಕ್ಕೆ ಸುದ್ದಿ ಮುಟ್ಟಿಲ್ಲ;
ಅಲ್ಲಿ ಅವನಿನ್ನೂ ಹ್ಯಾಂಡಲ್ ಹಿಡಿದು ನಿಂತಿದ್ದಾನೆ.

ಕ್ರಯಪತ್ರ?
'ಕೈ ಮೇಲೆ ಕೈ.'
ಹಾಗಾದರೆ ವಾರಸುದಾರರ ಸಹಿ ತನ್ನಿ.
ಅವನು ಟೊಪ್ಪಿಯ ಅಂಚನ್ನು ಸುತ್ತ ಒಂದು ಸಲ ತಿರುವಿದ.
'ರೆಗಿನಾಳದ್ದೇ?'
ಎಲ್ಲಿದ್ದಾಳೆ, ದೂರವೇ?
'ಬೇಲಿಯಾಚೆ.'

ಅಷ್ಟು ದೂರ ಹೋಗಿ ಬರಲು ಅವನಿಗೆ ಐದು ವಾರ ಹಿಡಿಯಿತು.

ಗುರುವಾರ. ಇಬ್ಬರೂ ಬಂದರು,
ನಡುವೆ ಇನ್ನೊಬ್ಬರು ನಿಲ್ಲುವಷ್ಟು ಜಾಗ ಬಿಟ್ಟು.
ಮಾರಿದ ತಾರೀಖು, ಬರೆದೆ.
ಮಾರಿದವರು, ಕೊಂಡವರು, ಬರೆದೆ.
ಬೆಲೆ?
'ಒಂದು ಕರು' ಎಂದ ಝೆನೋನ್.

'ಕರುವಂತೆ!' ರೆಗಿನಾ ಗಾಜಿಗೆ ಹೇಳಿದಳು, ಅವನಿಗಲ್ಲ.
'ಎಂಟನೆಯ ದಿನ ಕಾಲು ಚಾಚಿದ ಕರು.
ಅಪ್ಪ ಕತ್ತಲಲ್ಲಿ ಗುಂಡಿ ತೋಡಿದ.
ಟೋಪಿ ಹಾಕಿಸಿಕೊಂಡೆನೆಂದು ಊರಿಗೆ ಗೊತ್ತಾಗಬಾರದಲ್ಲ.'

'ಸತ್ತಿತೇ?' ಎಂದ ಅವನು. ಮೊದಲ ಬಾರಿ ಅವಳತ್ತ ತಿರುಗಿ.
ಆಮೇಲೆ, ತಡವಾಗಿ:
'ಎಂಜಿನ್ ಹನ್ನೊಂದನೆಯ ದಿನ ಕಚ್ಚಿ ನಿಂತಿತು.
ಕಾಡಿನಿಂದ ಮನೆಯವರೆಗೆ ನೂಕಿದೆ,
ರಾತ್ರಿಯೇ. ನಾನೂ.'

ಸಾಲಿನಲ್ಲಿ ಯಾರೋ ಕೆಮ್ಮಿದರು.
ನನ್ನ ಕಂಪ್ಯೂಟರಿಗೆ ಕರು ಅರ್ಥವಾಗುವುದಿಲ್ಲ, ಎಂದೆ,
ಅದಕ್ಕೆ ಝ್ಲೋಟಿ ಬೇಕು.
(ಎತ್ತು ಈಯಿತು ಅಂದರೆ ಕೊಟ್ಟಿಗೆಯಲ್ಲಿ ಕಟ್ಟು ಅನ್ನುವ ಯಂತ್ರವೇ;
ಆದರೆ ಎತ್ತಿನ ಬೆಲೆಯನ್ನು ಅಂಕಿಯಲ್ಲಿ ಹೇಳಬೇಕು.)

ಆಗಿನ ಕಾಲದ ಇಪ್ಪತ್ತು ಸಾವಿರ, ಎಂದರು
ಇಬ್ಬರೂ ಒಟ್ಟಿಗೆ.
ಒಟ್ಟಿಗೆ ಅಂದದ್ದಕ್ಕೆ ಇಬ್ಬರೂ ನೆಲ ನೋಡಿದರು.

ತೊಂಬತ್ತೈದರಲ್ಲಿ ಸರ್ಕಾರ ನಾಲ್ಕು ಸೊನ್ನೆ ಕತ್ತರಿಸಿದೆ.
ನಾನೂ ಕತ್ತರಿಸಿದೆ.
ಉಳಿದದ್ದು ಎರಡು ಝ್ಲೋಟಿ.
ಮೊಗಸಾಲೆಯ ಯಂತ್ರದಲ್ಲಿ ಒಂದು ಲೋಟ ಚಹಾ ಬರುವುದಿಲ್ಲ ಅಷ್ಟಕ್ಕೆ.
ಅಷ್ಟಕ್ಕೆ ಎರಡು ಮನೆ
ಒಂದೇ ಬಾವಿಯಿಂದ ಬೇರೆ ಬೇರೆ ಹೊತ್ತಿಗೆ ನೀರು ಸೇದಿದ್ದವು.

ರೆಗಿನಾ ಸಹಿ ಮಾಡಿದಳು.
ಪೆನ್ನು ಒತ್ತಿದ ಒತ್ತಿಗೆ
ಕೆಳಗಿನ ಖಾಲಿ ಹಾಳೆಗೂ ಅವಳ ಹೆಸರು ಇಳಿಯಿತು.
ಮುದ್ರೆ ಹಾಕಿದೆ.

ಓಡದ ಗಾಡಿಗೆ ಹೊಚ್ಚಹೊಸ ನಂಬರ್ ಪ್ಲೇಟು.
ಅದನ್ನು ಕೋಟಿನೊಳಗೆ ಇಟ್ಟುಕೊಂಡು
ಬಸ್ಸಿಗೆ ಕಾಯುತ್ತಿದ್ದ, ನನ್ನ ಕಿಟಕಿಯಿಂದ ಕಾಣುವಲ್ಲಿ.
ಅವಳೂ ಅದೇ ಬಸ್ಸಿಗೆ. ಬೇರೆ ಬಸ್ಸಿಲ್ಲ.
ಬೂಟಿನ ದಾರ ಬಿಚ್ಚಿಕೊಂಡಿತೇನೋ,
ಪ್ಲೇಟನ್ನು ಅವಳ ಕೈಗೆ ಕೊಟ್ಟು ಬಗ್ಗಿದ.
ಅವಳು ಎರಡೂ ಕೈಯಲ್ಲಿ ಹಿಡಿದು ನಿಂತಳು,
ಬಿಸಿ ತಟ್ಟೆ ಹಿಡಿದ ಹಾಗೆ.

ಯಾಗ್ನಾಳ ಅರ್ಜಿ ನನ್ನ ಮೇಜಿನ ಮೇಲೇ ಉಳಿದಿದೆ,
ಬೆಲೆಯ ಕಾಲಂ ಖಾಲಿ.
ಮೂರನೆಯ ಅಂಕಿಯನ್ನು ಎಂಟು ಎಂದೇ ಬರೆದುಬಿಟ್ಟೆ.
ಆರಿದ್ದರೂ ಇರಬಹುದು.